ಒಂದನೇ ನಂಬರಿನ ಸೀಟು

ಮೊಣಕಾಲಿನ ಆಪರೇಶನ್ ಆದಂದಿನಿಂದ ನಾನು ಎಲ್ಲಿಗೆ ಹೋದರೂ ಮೊದಲು ಕುರ್ಚಿ ನೋಡುತ್ತೇನೆ, ಆಮೇಲೆ ಮನೆಯವರ ಮುಖ. ಮದುವೆಗೆ ಹೋದರೂ ಅಷ್ಟೆ, ಮಣ್ಣಿಗೆ ಹೋದರೂ ಅಷ್ಟೆ. ಕಾಲು ಚಾಚಲು ಜಾಗ ಇದೆಯೇ, ಏಳುವಾಗ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ, ಇಷ್ಟೇ ನನ್ನ ಚಿಂತೆ. ಹೀಗಾಗಿ ಮಿರಜದಲ್ಲಿ ಹಲ್ಲಿನ ಡಾಕ್ಟರಾಗಿರುವ ನನ್ನ ಅಣ್ಣನ ಮಗಳು ಯಾವುದೋ ಸಭೆಗೆಂದು ದಿಲ್ಲಿಗೆ ಹೊರಟಾಗ ನನ್ನನ್ನೂ ಹೊರಡಿಸಿಕೊಂಡು, ಪುಣೆಯಿಂದ ವಿಮಾನದ ಮುಂಭಾಗದ ಹೆಚ್ಚಿನ ದರದ ಟಿಕೆಟ್ ತೆಗೆದಳು. ಒಂದು ತಿಂಗಳು ಮೊದಲೇ ಫೋನಿನಲ್ಲಿ ಸೀಟುಗಳ ಚಿತ್ರ ತೆರೆದು, ಮೊದಲ ಸಾಲಿನ ಕಿಟಕಿ ಪಕ್ಕದ್ದು ಆತ್ಯಾಗೆ, ಅಂದರೆ ಸೋದರತ್ತೆಯಾದ ನನಗೆ, ಅದರ ಪಕ್ಕದ್ದು ತನಗೆ ಎಂದು ಬೆರಳಿಟ್ಟು ಹಿಡಿದಿದ್ದಳು. ಮೊದಲ ಸಾಲಿನ ಮುಂದೆ ಬೇರೆ ಸೀಟು ಇರುವುದಿಲ್ಲ, ಕಾಲು ಎಷ್ಟು ಬೇಕಾದರೂ ಚಾಚಬಹುದು ಎಂಬುದು ಅವಳ ಲೆಕ್ಕ.

ಪುಣೆಯ ಕೌಂಟರಿನಲ್ಲಿ ನಮಗೆ ಕೊಟ್ಟದ್ದು ಮೂರನೇ ಸಾಲು. ವಿಮಾನ ಬದಲಾಗಿದೆ, ಕಂಪ್ಯೂಟರೇ ಹೊಸದಾಗಿ ಹಂಚಿದೆ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಮೂರನೇ ಸಾಲೂ ಅದೇ ದರದ್ದು, ಅದೇ ಊಟ, ಅದೇ ಕುರ್ಚಿ, ವ್ಯತ್ಯಾಸವೇನೂ ಇಲ್ಲ ಎಂದಳು. ಅಣ್ಣನ ಮಗಳು ಬಿಡುವವಳಲ್ಲ. ದುಡ್ಡು ಕೊಟ್ಟವರು ನಾವು, ಆರಿಸಿಕೊಂಡವರು ನಾವು, ಹಾಗಾದರೆ ಮೊದಲ ಸಾಲಿನಲ್ಲಿ ಈಗ ಯಾರು ಕೂರುತ್ತಾರೆ ತೋರಿಸಿ ಎಂದು ಪಟ್ಟು ಹಿಡಿದಳು. ಅದನ್ನು ಹೇಳುವಂತಿಲ್ಲ ಎಂದು ಆ ಹುಡುಗಿ ನಕ್ಕಳು. ತುಟಿ ನಗುತ್ತಿತ್ತು. ಕೈ ಮಾತ್ರ ಬೇಡದ ಒಂದು ಪೆನ್ನನ್ನು ಸುಮ್ಮನೆ ತಿರುಗಿಸುತ್ತಿತ್ತು. ಆ ಕೈ ನೋಡಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಇರಲಿ ಬಿಡ," ಎಂದೆ.

"ಯಾಕ ಬಿಡೂದು ಆತ್ಯಾ? ನೀವs ಬುಕಿಂಗ್ ಆಫೀಸದಾಗ ಇದ್ದವರು. ನೀವs ಹೇಳ್ರಿ, ಹೆ ಬರೋಬರ್ ಆಹೆ ಕಾ? ಇದು ನ್ಯಾಯ ಐತೇನು?"

ಅವಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಮರಾಠಿಗೆ ಹತ್ತಿ ಮತ್ತೆ ಇಳಿಯುತ್ತದೆ. "ಇರಲಿ ಬಿಡ" ಎಂಬ ಮಾತನ್ನು ನಾನು ಬೇರೆಯವರ ಬಾಯಿಂದ ತೆಗೆದುಕೊಂಡಿದ್ದೆ, ಅದು ಅವಳಿಗೆ ಗೊತ್ತಿರಲಿಲ್ಲ.

ನಾನು ನೌಕರಿಗೆ ಸೇರಿದ ಕಾಲದಲ್ಲಿ ನಮ್ಮ ಸಾಂಗ್ಲಿ ಜಿಲ್ಲೆಯಲ್ಲಿ ಎಲ್ಲವೂ ಸಹಕಾರಿ. ಸಕ್ಕರೆ ಸಹಕಾರಿ, ಹಾಲು ಸಹಕಾರಿ, ನೂಲು ಸಹಕಾರಿ. ಮ್ಹೈಸಾಳದ ಕಡೆ ಹೊಳೆಯಿಂದ ಕಬ್ಬಿಗೆ ನೀರೆತ್ತುವ ಪಂಪಿಗೂ ಒಬ್ಬ ಚೇರ್ಮನ್, ಒಂದು ಕಮಿಟಿ. ಮುಂಬಯಿಗೆ ಬಸ್ಸು ಓಡಿಸಲಿಕ್ಕೂ ಕೆಲವರು ಸೇರಿ ಒಂದು ಸೊಸೈಟಿ ಮಾಡಿಕೊಂಡಿದ್ದರು. ಬೆಳಿಗ್ಗೆ ಏಳಕ್ಕೆ ಮಿರಜದಿಂದ ಹೊರಟು ಸಾಂಗ್ಲಿ ಮುಟ್ಟಿ ಹೋಗುವ ಆ ಒಂದು ಬಸ್ಸಿಗೆ ಹನ್ನೊಂದು ಜನ ಡೈರೆಕ್ಟರು.

ನನ್ನ ಅವ್ವ ಜಮಖಂಡಿ ಕಡೆಯಿಂದ ದುಡಿಯಲು ಬಂದವಳು, ಸಾಂಗ್ಲಿಯ ಗೋದಾಮುಗಳಲ್ಲಿ ಅರಿಶಿನ ಆರಿಸುತ್ತಿದ್ದಳು. ಅವಳ ಬೆರಳು, ಸೆರಗು, ನಮ್ಮ ಮನೆಯ ನೀರಿನ ತಂಬಿಗೆ ಎಲ್ಲ ಹಳದಿ. ನಾನು ಮರಾಠಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ್ದೆ. ಮಿರಜದ ದವಾಖಾನೆಗಳಿಗೆ ಅಥಣಿ, ರಾಯಬಾಗ, ಜಮಖಂಡಿ ಕಡೆಯ ಜನ ಬರುತ್ತಿದ್ದರು. ಇಲ್ಲಿ ಆಗದ ರೋಗ ಇದ್ದರೆ ಮುಂಬಯಿಗೆ ಹೋಗುತ್ತಿದ್ದರು. ಅವರ ಜೊತೆ ಮಾತಾಡಲು ಕನ್ನಡ ಬರುವವರು ಬೇಕು ಎಂದು ಮ್ಯಾನೇಜರು ನನ್ನನ್ನು ಮಿರಜದ ಬುಕಿಂಗ್ ಆಫೀಸಿನಲ್ಲಿ ಕೂರಿಸಿದ. ನನ್ನ ಅರ್ಹತೆ ಅಷ್ಟೆ. ಆಗ ನನಗೆ ಇಪ್ಪತ್ತೆರಡು, ಗತ್ತು ಮಾತ್ರ ಕಲೆಕ್ಟರನದು.

ಬಸ್ಸಿನ ಮುಂದಿನ ನಾಲ್ಕು ಸಾಲಿಗೆ ದರ ಹೆಚ್ಚು. ಹಿಂದಕ್ಕೆ ಒರಗುವ ಸೀಟು, ತಲೆಯ ಹತ್ತಿರ ಬಿಳಿ ಬಟ್ಟೆ. ಆ ದರ ಕೊಟ್ಟವರು ತಮಗೆ ಬೇಕಾದ ನಂಬರು ಆರಿಸಿಕೊಳ್ಳಬಹುದು ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಆದರೆ ಚಾರ್ಟಿನಲ್ಲಿ ಹೆಸರು ಬರೆಯುವುದು ಪೆನ್ಸಿಲಿನಿಂದ. ಪೆನ್ನು ಮುಟ್ಟಬಾರದು ಎಂಬುದೇ ನನಗೆ ಮೊದಲ ದಿನ ಕಲಿಸಿದ ಪಾಠ. ಯಾಕೆ ಎಂದು ನಾನು ಕೇಳಲಿಲ್ಲ, ಕೇಳದೆ ತಿಳಿದುಕೊಂಡದ್ದಕ್ಕೆ ಮ್ಯಾನೇಜರು ಮೆಚ್ಚಿಕೊಂಡ. ಸೊಸೈಟಿಯ ಚೇರ್ಮನ್ನರ ಕಡೆಯವರು ಯಾವಾಗ ಬರುತ್ತಾರೋ ಹೇಳಲಾಗದು, ಬಂದರೆ ಬರೆದ ಹೆಸರು ಅಳಿಸಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ಚೇರ್ಮನ್ ಯಾರಿಗೂ ಎದ್ದೇಳು ಎಂದು ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಅವರ ಜೀಪಿನ ಸದ್ದು ಕೇಳಿದರೆ ಕುರ್ಚಿಯ ಧೂಳು ತಾನಾಗಿ ಹೋಗುತ್ತಿತ್ತು, ಚಹಾದವನು ಕಿವಿ ಮುರಿಯದ ಕಪ್ಪು ಹುಡುಕುತ್ತಿದ್ದ. ಊರಲ್ಲಿ ಯಾವ ಕಾರ್ಯಕ್ರಮ ಇದ್ದರೂ ಮುಂದೆ ಬಿಳಿ ಹಾಸಿನ ಒಂದು ಸೋಫಾ. ಚೇರ್ಮನ್ ಬರದಿದ್ದರೆ ಅದು ಕೊನೆಯವರೆಗೂ ಖಾಲಿ, ಹೆಂಗಸರು ಮಕ್ಕಳನ್ನೆತ್ತಿಕೊಂಡು ಹಿಂದೆ ನಿಂತಿರುತ್ತಿದ್ದರು. ದೊಡ್ಡವರಿಗೆ ಏನು ಬೇಕು ಎಂದು ಅವರಿಗಿಂತ ಮೊದಲು ತಿಳಿಯುವವನೇ ಚುರುಕು. ನಾನು ಬಹಳ ಚುರುಕಾಗಿದ್ದೆ.

ಇದೇ ಜನ ಇನ್ನೊಂದು ಕಡೆ ಎಷ್ಟು ನಿಯತ್ತಿನವರು ಎಂದರೆ, ಸರಕಾರಿ ಬಸ್ಸು ಬಂದು ನಿಂತಾಗ ಕಿಟಕಿಯಿಂದ ಒಂದು ಟವಲ್ ಒಳಗೆ ಹಾಕಿದರೆ ಸಾಕು, ಆ ಸೀಟು ಟವಲಿನವನದು. ಅವನು ನಿಧಾನಕ್ಕೆ ಹತ್ತಿ ಬರುವವರೆಗೆ ಕುಡುಕನೂ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಆ ಊರಲ್ಲಿ ಹುಟ್ಟಿ ಬೆಳೆದವಳು, ಯಾರಾದರೂ ಇನ್ನೊಬ್ಬರ ಟವಲ್ ಎತ್ತಿದ್ದನ್ನು ನೋಡಿರಲಿಲ್ಲ.

ಕಾಕಾ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನ ಹಮಾಲ. ನನಗೆ ನೆಂಟರಲ್ಲ, ಅವ್ವ ಕೆಲಸ ಮಾಡುವ ಗೋದಾಮಿನಲ್ಲೇ ಮೂಟೆ ಹೊರುತ್ತಿದ್ದರು, ನಮ್ಮ ಕಡೆಯ ಮಾತು ಆಡುತ್ತಿದ್ದರು, ಹೀಗಾಗಿ ಕಾಕಾ. ಅರಿಶಿನದ ಮೂಟೆಗಳ ಸಾಲು ಕುಸಿದು ಅವರ ಬಲಗಾಲ ಮೇಲೆ ಬಿದ್ದಿತ್ತು. ಮಿರಜದಲ್ಲಿ ಆಪರೇಶನ್ ಆಯಿತು, ಒಳಗೆ ಕೀವು ನಿಂತಿತು, ಮುಂಬಯಿಗೆ ಹೋಗಿ ಎಂದರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಕಾಲು ಮಡಚಬಾರದು, ಜೋತು ಬಿಡಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಅವರ ಜೊತೆಯ ಹಮಾಲರೆಲ್ಲ ಸೇರಿ ಮುಂದಿನ ಸೀಟಿನ ದರ ಹೊಂದಿಸಿದರು. ಅವರ ಹೆಂಡತಿ, ನಾನು ಮಾವಶಿ ಎನ್ನುವವರು, ಎಂಟು ದಿನ ಮೊದಲೇ ಆಫೀಸಿಗೆ ಬಂದು ಚಾರ್ಟನ್ನೆಲ್ಲ ನೋಡಿ ಒಂದು ಮತ್ತು ಎರಡನೇ ನಂಬರು ಆರಿಸಿದರು. ಅದರ ಮುಂದೆ ಬಾಗಿಲವರೆಗೆ ಬಯಲು, ಕಾಲು ಚಾಚಲು ಅದಕ್ಕಿಂತ ಒಳ್ಳೆಯ ಜಾಗ ಬಸ್ಸಿನಲ್ಲಿ ಇರಲಿಲ್ಲ. ನಾನೇ ಬರೆದುಕೊಟ್ಟೆ, ಪೆನ್ಸಿಲಿನಿಂದ.

ಹೊರಡುವ ದಿನ ಇಬ್ಬರು ಹಮಾಲರು ಕಾಕಾನನ್ನು ಮಿರಜದ ದವಾಖಾನೆಯಿಂದ ಕೈಕುರ್ಚಿ ಮಾಡಿ ಎತ್ತಿ ತಂದು ಒಂದನೇ ಸೀಟಿನಲ್ಲಿ ಕೂರಿಸಿದರು. ಮುಂದೆ ಗೋಣಿಚೀಲದ ಗಂಟು ಇಟ್ಟು ಅದರ ಮೇಲೆ ಕಾಲು ಚಾಚಿಸಿ ಕೆಲಸಕ್ಕೆ ಹೊರಟುಹೋದರು. ಮಾವಶಿ ಎರಡನೇ ಸೀಟಿನ ಮೇಲೆ ಕೆಂಪು ಅಂಚಿನ ಟವಲ್ ಹಾಕಿ ನೀರು ತುಂಬಿಸಲು ಇಳಿದರು. ಚೀಟಿಯ ಮೇಲೆ ನಂಬರು ಇರುವಾಗ ಟವಲ್ ಯಾಕೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅಷ್ಟರಲ್ಲಿ ಚೇರ್ಮನ್ನರ ಅಕ್ಕ ಇದೇ ಬಸ್ಸಿಗೆ ಬರುತ್ತಿದ್ದಾರೆ, ಜೀಪು ಮನೆ ಬಿಟ್ಟಿದೆ ಎಂದು ಫೋನ್ ಬಂತು.

ಅವರನ್ನು ಎಲ್ಲರೂ ಅಕ್ಕಾಸಾಹೇಬ ಎನ್ನುತ್ತಿದ್ದರು. ಅವರ ಟಿಕೆಟ್ ಮೊದಲೇ ಆಗಿತ್ತು, ಮೂರನೇ ಸಾಲಿನಲ್ಲಿ ಹನ್ನೊಂದನೇ ನಂಬರು. ಅದು ಯಾರ ಹೆಸರಿಗೆ ಎಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಫೋನು ಮಾಡಿದವರು ಸೀಟು ಬದಲಿಸು ಎನ್ನಲಿಲ್ಲ. ಬರುತ್ತಿದ್ದಾರೆ ಎಂದಷ್ಟೇ ಹೇಳಿದರು. ಮ್ಯಾನೇಜರು ಅಂದು ಬಂದಿರಲಿಲ್ಲ. ಚೇರ್ಮನ್ನರ ಅಕ್ಕ ಮೂರನೇ ಸಾಲಿನಲ್ಲಿ, ಯಾರ್ಡಿನ ಹಮಾಲ ಅವರ ಮುಂದೆ ಒಂದನೇ ನಂಬರಿನಲ್ಲಿ, ಇದು ಚೆನ್ನಾಗಿ ಕಾಣುವುದಿಲ್ಲ ಎಂದು ನನಗೇ ಅನಿಸಿತು. ಅಪರಿಚಿತ ಗಂಡಸಿನ ಪಕ್ಕ ಅವರು ಕೂರುವುದೂ ಸರಿಯಲ್ಲ, ಎರಡೂ ಸೀಟು ಖಾಲಿಯಾಗಬೇಕು. ಜೋಡಿಯಾಗಿ ಉಳಿದದ್ದು ಕೊನೆಯ ಸಾಲಿನ ಎರಡು ಮಾತ್ರ. ರಬ್ಬರು ತೆಗೆದು ಅಳಿಸಿ, ಪೆನ್ಸಿಲು ಹಿಡಿದುಕೊಂಡೇ ಬಸ್ಸು ಹತ್ತಿದೆ.

"ಕಾಕಾ, ಸಣ್ಣ ತಪ್ಪ ಆಗೇತ್ರಿ. ಈ ಜಾಗಾ ಮೊದಲs ಬ್ಯಾರೆಯವರಿಗೆ ಹೋಗಿತ್ತಂತ. ನೀವು ಹಿಂದ ಹೋಗಬೇಕಾಗತೈತ್ರಿ. ಇಬ್ಬರಿಗೂ ಕೂಡೇ ಕುಂದರೂ ಹಂಗ ಮಾಡಿ ಕೊಡತೇನಿ."

ಇದರಲ್ಲಿ ನಿಜ ಒಂದೂ ಇರಲಿಲ್ಲ. ನೀರಿನ ಬಾಟಲಿ ಹಿಡಿದು ಹತ್ತಿದ ಮಾವಶಿ ನನ್ನನ್ನೇ ನೋಡಿದರು. "ಯವ್ವಾ, ಚೀಟಿ ಮ್ಯಾಲ ಒಂದು, ಎರಡು ಅಂತ ನೀನs ಬರದು ಕೊಟ್ಟಿ. ಕಾಲ ಮಡಚಬ್ಯಾಡ ಅಂದಾರ ಡಾಕ್ಟರು. ಹಿಂದ ಹೆಂಗ ಕುಂದರತಾರ ಇವರು?"

ಹಮಾಲರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜನ ಅಲ್ಲ. ಮ್ಯಾನೇಜರು ಬಂದು ಮರಾಠಿಯಲ್ಲಿ ಏಳು ಎಂದಿದ್ದರೆ ಕಾಕಾ ಬಸ್ಸು ಹೊರಡಲು ಬಿಡುತ್ತಿರಲಿಲ್ಲ. ನಾನು ಹೇಳಿದ್ದು ಕನ್ನಡದಲ್ಲಿ, ಮನೆಯ ಹುಡುಗಿಯ ಹಾಗೆ, ಕಾಕಾ ಎಂದು ಕರೆದು. ಅವರು ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಇರಲಿ ಬಿಡ," ಎಂದು ಹೆಂಡತಿಗೆ ಹೇಳಿದರು. "ನಮ್ಮ ಹುಡುಗಿ ಐತಿ. ಎಬ್ಬಸ ನನ್ನ."

ಕಂಡಕ್ಟರು ಒಂದು ಕಡೆ, ಮಾವಶಿ ಒಂದು ಕಡೆ ಹಿಡಿದು ಆ ಇಕ್ಕಟ್ಟಿನ ದಾರಿಯಲ್ಲಿ ಅವರನ್ನು ಹಿಂದಕ್ಕೆ ಎಳೆದುಕೊಂಡು ಹೋದರು. ಪ್ಲಾಸ್ಟರು ಎರಡು ಕಡೆ ಸೀಟಿನ ಕಬ್ಬಿಣಕ್ಕೆ ತಾಗಿತು. ಎರಡನೇ ಸೀಟಿನ ಮೇಲೆ ಟವಲ್ ಹಾಗೇ ಇತ್ತು. ಅದನ್ನು ನಾನೇ ಎತ್ತಿದೆ. ನಾಲ್ಕು ಮಡಿಕೆ ಮಾಡಿ, ಹಿಂದೆ ಹೋಗಿ ಮಾವಶಿಯ ಕೈಗೆ ಕೊಟ್ಟೆ. ಅವರು ತೆಗೆದುಕೊಂಡರು. ಕಾಕಾನ ಕಾಲು ಕೆಳಗೆ ಆಸರೆಯಿಲ್ಲದೆ ಓಡಾಡುವ ದಾರಿಯಲ್ಲಿ ಅಡ್ಡ ಚಾಚಿತ್ತು, ಬಂದವರೆಲ್ಲ ಅದನ್ನು ದಾಟಿ ಹೋಗಬೇಕು. ನಾನು ಕೆಳಗಿಳಿದು ಜೀಪಿನ ಬಾಗಿಲು ತೆಗೆಯಲು ಓಡಿದೆ. ಅಕ್ಕಾಸಾಹೇಬರಿಗೆ ಕೈಮುಗಿದೆ. ಮುಂದಿನ ಸೀಟು ಅವರದು ಎಂದು ಕಂಡಕ್ಟರನಿಗೆ ಹೇಳಿದೆ. ಬಸ್ಸು ಹೊರಟಿತು, ನಾನು ಒಳಗೆ ಬಂದು ಚಹಾ ಕುಡಿದೆ.

ಮೂರನೇ ದಿನ ಬಸ್ಸು ಮರಳಿ ಬಂದಾಗ ಬುಧಗಾಂವದ ಡ್ರೈವರು ಆಫೀಸಿನಲ್ಲಿ ಕೂತು ನಗುತ್ತ ಒಂದು ಸುದ್ದಿ ಹೇಳಿದ. ಅಕ್ಕಾಸಾಹೇಬರು ಮುಂದೆ ಕೂರಲೇ ಇಲ್ಲವಂತೆ. ಗಾಜಿನಿಂದ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ತಲೆನೋವು ಬರುತ್ತದೆ, ಅದಕ್ಕೇ ಹನ್ನೊಂದನೇ ನಂಬರು ಕೇಳಿ ತೆಗೆಸಿದ್ದು ಎಂದರಂತೆ. ಹತ್ತಿದವರೇ ಸೀದಾ ತಮ್ಮ ಜಾಗಕ್ಕೆ ಹೋಗಿ ಕೂತರಂತೆ. ಹಿಂದಿನವರನ್ನು ಮತ್ತೆ ಮುಂದಕ್ಕೆ ಕರೆಯೋಣವೇ ಎಂದು ಕಂಡಕ್ಟರು ಯೋಚಿಸಿದನಂತೆ. ಆದರೆ ಆಫೀಸಿನಿಂದಲೇ ಖಾಲಿ ಮಾಡಿಸಿದ ಸೀಟು, ನಮಗ್ಯಾಕೆ ಉಸಾಬರಿ ಎಂದು ಸುಮ್ಮನಾದನಂತೆ. ಅಕ್ಕಾಸಾಹೇಬರು ಮುಂಬಯಿಯ ಬೀಗರಿಗೆ ಒಯ್ಯುತ್ತಿದ್ದ ದ್ರಾಕ್ಷಿ ಪೆಟ್ಟಿಗೆಗಳನ್ನು ಒಂದು ಮತ್ತು ಎರಡನೇ ನಂಬರಿನ ಮೇಲೆ ಇಟ್ಟರಂತೆ, ಅಲುಗದ ಹಾಗೆ ಹಗ್ಗ ಕಟ್ಟಿ. ಎತ್ತರದ ಸೀಟುಗಳ ಆಚೆ ಅದು ಕೊನೆಯ ಸಾಲಿಗೆ ಕಾಣಲಿಲ್ಲವಂತೆ, ಕಾಕಾನನ್ನು ಇಳಿಸುವ ಮೊದಲೇ ಪೆಟ್ಟಿಗೆಗಳನ್ನು ಇಳಿಸಿದ್ದರಂತೆ. ಒಂದು ಹಣ್ಣೂ ನಲುಗಲಿಲ್ಲ ಎಂದು ಡ್ರೈವರು ಹೊಗಳಿದ.

ಕಾಕಾನ ಕಾಲನ್ನು ಮುಂಬಯಿಯಲ್ಲಿ ಮೊಣಕಾಲಿನ ಮೇಲೆ ಕತ್ತರಿಸಿದರು. ಕೀವು ಎಲುಬಿಗೆ ಇಳಿದಿತ್ತು, ಉಳಿಯುವ ಹಾಗೆ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದಾಗಿ ಅವ್ವ ಗೋದಾಮಿನಿಂದ ಸುದ್ದಿ ತಂದಳು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಹನ್ನೆರಡು ತಾಸು ಜೋತುಬಿದ್ದ ಕಾಲಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆರು ತಿಂಗಳಿಗೆ ನನ್ನನ್ನು ಸಾಂಗ್ಲಿಯ ದೊಡ್ಡ ಆಫೀಸಿಗೆ ಹಾಕಿದರು, ಚುರುಕಾದ ಹುಡುಗಿ ಎಂದು.

ಆ ಆಫೀಸಿಗೆ ಹೋಗುವ ದಾರಿ ಮಾರ್ಕೆಟ್ ಯಾರ್ಡಿನ ಮುಂದೆಯೇ. ಹಮಾಲರು ಕಾಕಾನನ್ನು ಬಿಟ್ಟುಹಾಕಲಿಲ್ಲ. ಗೇಟಿನ ಹತ್ತಿರ ಒಳಬರುವ ಗಾಡಿಗಳಿಗೆ ಚೀಟಿ ಕೊಡುವ ಕೆಲಸ ಕೊಟ್ಟರು. ಚಹಾ ಗಾಡಿಯ ಪಕ್ಕದ ಕಟ್ಟಿಗೆಯ ಬೆಂಚು ಅವರ ಜಾಗ. ಮೊದಲ ವಾರ ನಾನು ರಸ್ತೆಯ ಆಚೆ ಬದಿಯಿಂದ ತಲೆ ತಗ್ಗಿಸಿ ಹೋದೆ. ಎಂಟನೇ ದಿನ ಅವರು ಕೂಗಿ ಕರೆದರು. ಊರುಗೋಲು ಆಚೆ ಸರಿಸಿ, ತಾವೂ ಸರಿದು, ಬೆಂಚಿನ ಮೇಲೆ ಜಾಗ ಮಾಡಿದರು.

"ಕುಂದರ ಯವ್ವಾ. ಎಷ್ಟ ಅವಸರ ಮಾಡತಿ."

ಆಮೇಲೆ ಅದು ರೂಢಿಯೇ ಆಯಿತು. ಎಷ್ಟೋ ವರ್ಷ, ವಾರಕ್ಕೆ ಎರಡು ಮೂರು ಸಲ, ನನ್ನನ್ನು ಕಂಡ ಕೂಡಲೇ ಆ ಮನುಷ್ಯ ಸರಿದು ನನಗೆ ಜಾಗ ಕೊಡುತ್ತಿದ್ದರು. ನಾನು ಕೂರುತ್ತಿದ್ದೆ. ಪಂಚೆ ಮಡಚಿ ಕಟ್ಟಿದ ಆ ಕಡೆ ನೋಡಬಾರದು ಎಂದುಕೊಂಡು ಅದನ್ನೇ ನೋಡುತ್ತಿದ್ದೆ. ಚಹಾದ ರುಚಿ ಒಂದು ದಿನವೂ ನಾಲಿಗೆಗೆ ಹತ್ತಲಿಲ್ಲ.

ಒಂದು ದಿನ ಅವರೇ ಆ ಮಾತು ತೆಗೆದರು.

"ಅವತ್ತ ನಾ ಯಾಕ ಎದ್ದೆ ಗೊತ್ತೇನ? ನಿನ್ನ ಕೈಯಾಗಿನ ಪೆನ್ಸಿಲ್ ನಡಗತಿತ್ತು. ನಾ ಏಳಲಿಲ್ಲ ಅಂದ್ರ ಈ ಕೂಸಿನ ನೌಕರಿ ಹೋಗತೈತಿ ಅನಿಸ್ತು. ನಿಮ್ಮವ್ವ ಅಷ್ಟ ಕಷ್ಟಪಟ್ಟ ಸಾಲಿ ಕಲಿಸ್ಯಾಳ. ನನ್ನ ಕಾಲ ಹೆಂಗೂ ಹೋಗೂದಿತ್ತು. ನಿನ್ನ ನೌಕರಿ ಉಳೀತಲ್ಲ, ಅಷ್ಟ ಸಾಕು."

"ಹೌದ್ರಿ ಕಾಕಾ," ಎಂದೆ.

ಕೈ ನಡುಗಿದ್ದು ನಿಜ. ಆದರೆ ನೌಕರಿಯ ಹೆದರಿಕೆಯಿಂದ ಅಲ್ಲ, ಯಾರೂ ನನ್ನನ್ನು ಹೆದರಿಸಿರಲಿಲ್ಲ. ಜೀಪು ಬರುವ ಮೊದಲು ಎಲ್ಲ ನೀಟಾಗಿರಬೇಕು, ಅಕ್ಕಾಸಾಹೇಬರು ನನ್ನನ್ನು ಗಮನಿಸಬೇಕು ಎಂಬ ಆತುರಕ್ಕೆ ಅದು ನಡುಗಿತ್ತು. ಬಡತನದ ಹುಡುಗಿಯ ಕೈ ಎಂದುಕೊಂಡು ಅವರು ಎದ್ದರು. ಅವರು ತಮ್ಮ ಸೀಟು ಕೊಟ್ಟದ್ದು ಚೇರ್ಮನ್ನರಿಗಲ್ಲ, ನನಗೆ. ಆ ಸೀಟನ್ನು ನಾನು ದ್ರಾಕ್ಷಿಗೆ ಕೊಟ್ಟೆ. ಹೆಚ್ಚು ದರ ಕೊಟ್ಟವರಿಗೆ ಆರಿಸುವ ಹಕ್ಕು ಕೊಡುತ್ತೇವೆ ಎಂದು ಎಲ್ಲರೂ ಗೋಡೆಯ ಮೇಲೆ ಬರೆಸುತ್ತಾರೆ. ಕೊಡುವುದು ಮಾತ್ರ ಪೆನ್ಸಿಲಿನಲ್ಲಿ, ರಬ್ಬರು ನನ್ನಂಥವರ ಕೈಯಲ್ಲಿ.

ಸೊಸೈಟಿ ಮುಂದೆ ಮುಳುಗಿತು, ಬಸ್ಸನ್ನು ಯಾರೋ ತೆಗೆದುಕೊಂಡರು. ಒಂದನೇ ನಂಬರು ಮಾತ್ರ ನನ್ನನ್ನು ಬಿಡಲಿಲ್ಲ. ಯಾವ ಬಸ್ಸು ಹತ್ತಿದರೂ ಮುಂದಿನ ಸೀಟು ಖಾಲಿ ಇದೆಯೇ ಎಂದು ಕಣ್ಣು ಅಲ್ಲಿಗೇ ಹೋಗುತ್ತದೆ. ಖಾಲಿ ಇದ್ದರೂ ಅಲ್ಲಿ ಕೂರಲಾರೆ, ಮೊಣಕಾಲು ನೊಂದರೂ ನಿಂತೇ ಹೋಗುತ್ತೇನೆ. ದ್ರಾಕ್ಷಿಯ ಊರಾದ ಸಾಂಗ್ಲಿಯಲ್ಲಿ ಇದ್ದೂ ದ್ರಾಕ್ಷಿ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಇರಬೇಕು ಎಂದು ಜನ ತಿಳಿದಿದ್ದಾರೆ, ನಾನು ತಿದ್ದಿಲ್ಲ.

ಪುಣೆಯ ವಿಮಾನದಲ್ಲಿ ಮೊದಲ ಸಾಲನ್ನು ನಾನು ಮುಖ ತಿರುಗಿಸಿಕೊಂಡು ದಾಟಿದೆ. ಮೂರನೇ ಸಾಲಿನಲ್ಲಿ ಕಾಲು ಪೂರ್ತಿ ಚಾಚಲು ಬರಲಿಲ್ಲ, ಮೊಣಕಾಲು ಹಿಡಿದುಕೊಂಡಿತು. ಅಣ್ಣನ ಮಗಳು ಕತ್ತು ಎತ್ತಿ ಇಣುಕತೊಡಗಿದಳು.

"ಆತ್ಯಾ, ನಮ್ಮ ಜಾಗಾದಾಗ ಯಾರ ಕುಂತಾರ, ನೋಡಿ ಬರಲೇನು?"

"ಬ್ಯಾಡ," ಎಂದೆ. ದನಿ ಎಷ್ಟು ಗಡುಸಾಗಿತ್ತೆಂದರೆ ಅವಳು ಬೆಚ್ಚಿ ಕೂತಳು. ಆಗ ಮೊದಲ ಸಲ ಬಾಯಿಬಿಟ್ಟು ಇದನ್ನೆಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಕೆಳಗಿನ ಮೋಡಗಳನ್ನು ನೋಡುತ್ತ ಒಂದೇ ಪ್ರಶ್ನೆ ಕೇಳಿದಳು. "ಜಾಗಾ ಖಾಲಿ ಹೋಗಿದ್ದು ಅವರಿಗೆ ಹೇಳಿದ್ರಿ?"

ಹೇಳಬೇಕೆಂದೇ ಒಂದು ದಿನ ಹೊರಟಿದ್ದೆ. ಅಷ್ಟು ಹೊತ್ತಿಗೆ ಮಾವಶಿ ತೀರಿಕೊಂಡಿದ್ದರು, ಕಾಕಾನಿಗೂ ಉಬ್ಬಸ ಹಿಡಿದಿತ್ತು. ಇನ್ನು ತಡಮಾಡಿದರೆ ಆಗುವುದಿಲ್ಲ ಎಂದು ಆಫೀಸಿಗೆ ರಜೆ ಹಾಕಿ, ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಆ ಸೀಟಿನಲ್ಲಿ ಯಾರೂ ಕೂರಲಿಲ್ಲ ಕಾಕಾ, ಯಾರೂ ಕೇಳಿಯೂ ಇರಲಿಲ್ಲ. ಇಷ್ಟೇ ಮಾತು.

ಅದು ಅರಿಶಿನದ ಸುಗ್ಗಿಯ ದಿನ, ಚಹಾ ಗಾಡಿಯ ಮುಂದೆ ಜನವೋ ಜನ. ಬೆಂಚು ತುಂಬಿತ್ತು, ಕಾಕಾನ ಪಕ್ಕ ಮಾತ್ರ ಒಬ್ಬರ ಜಾಗ ಖಾಲಿ ಇತ್ತು. ಅಲ್ಲಿ ಒಂದು ಟವಲ್ ಹಾಸಿತ್ತು. ಕೆಂಪು ಅಂಚು ಒಗೆದು ಒಗೆದು ಗುಲಾಬಿಯಾಗಿತ್ತು. ಯಾರೋ ಲಾರಿ ಡ್ರೈವರು ಅಲ್ಲಿ ಕೂರಲು ಬಗ್ಗಿದ.

"ಅದು ನಮ್ಮ ಹುಡುಗಿ ಜಾಗಾ ಐತ್ರಿ," ಎಂದರು ಕಾಕಾ. ಡ್ರೈವರು ಟವಲ್ ನೋಡಿ ಸುಮ್ಮನೆ ಆಚೆ ಹೋಗಿ ನಿಂತ.

ನನ್ನನ್ನು ಕಂಡು ಅವರು ಟವಲ್ ಎತ್ತಿ, ಅದರಿಂದಲೇ ಬೆಂಚು ಒರೆಸಿ, ಹೆಗಲ ಮೇಲೆ ಹಾಕಿಕೊಂಡರು. ನಾನು ಕೂತೆ. ಚಹಾ ಬಂತು. ಕುಡಿದು, ಬರುತ್ತೇನೆ ಕಾಕಾ ಎಂದು ಎದ್ದು ಮನೆಗೆ ಬಂದೆ.